ಥೈರಾಯ್ಡ್ ತೊಂದರೆ ಇರುವವರ ಸುಸ್ತಿಗೆ ಅಮೈನೋ ಆಮ್ಲದ ಪುಡಿ ಬೇಕೆ? ಓದುಗರ ಪ್ರಶ್ನೆ, ವೈದ್ಯರ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಒಂದೇ ಸಂದೇಹ ಬೇರೆ ಬೇರೆ ಮಾತುಗಳಲ್ಲಿ ಬಂದಿದೆ. ಥೈರಾಯ್ಡ್ ತೊಂದರೆ ಇರುವವರಿಗೆ ನಡೆದರೆ, ಮೆಟ್ಟಿಲು ಹತ್ತಿದರೆ, ವ್ಯಾಯಾಮ ಮಾಡಿದರೆ ಬೇಗ ಸುಸ್ತಾಗುತ್ತದೆ. ಆ ಸುಸ್ತಿಗೆಂದು ಯಾರೋ ಅಮೈನೋ ಆಮ್ಲದ (ಪ್ರೋಟೀನ್ ಕಟ್ಟಲು ಬಳಕೆಯಾಗುವ ಬಿಡಿ ಘಟಕಗಳ) ಪುಡಿಯನ್ನೋ ಮಾತ್ರೆಯನ್ನೋ ಸೂಚಿಸಿರುತ್ತಾರೆ. ಅದನ್ನು ತೆಗೆದುಕೊಳ್ಳಬಹುದೇ ಎಂಬುದು ಎಲ್ಲರ ಪ್ರಶ್ನೆ. ಈ ಸಲದ ಅಂಕಣವನ್ನು ಇದಕ್ಕಾಗಿಯೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಹೆಸರು ಬಿಟ್ಟು ಇಲ್ಲಿ ಕೊಟ್ಟಿದೆ.

ಪ್ರಶ್ನೆ: ನನಗೆ 38 ವರ್ಷ, ತೂಕ 62 ಕಿಲೋ, ಪ್ರೌಢಶಾಲೆಯಲ್ಲಿ ಶಿಕ್ಷಕಿ. ಎರಡು ವರ್ಷದಿಂದ, ಥೈರಾಯ್ಡ್ ಹಾರ್ಮೋನು ಸಾಲದಾಗುವ ಹೈಪೊಥೈರಾಯ್ಡ್‌ಗೆ 50 ಮೈಕ್ರೋಗ್ರಾಂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಎರಡನೇ ಮಹಡಿಯ ತರಗತಿಗೆ ಹೋಗುವಷ್ಟರಲ್ಲಿ ತೊಡೆಗಳು ಸೋಲುತ್ತವೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಜಿಮ್‌ಗೆ ಸೇರಿದೆ. ಅಲ್ಲಿನ ತರಬೇತುದಾರರು ನನ್ನ ಸ್ನಾಯುಗಳಿಗೆ ಅಮೈನೋ ಆಮ್ಲ ಸಾಲುತ್ತಿಲ್ಲವೆಂದು ಹೇಳಿ ಬಿಸಿಎಎ ಪುಡಿ ಕೊಳ್ಳಲು ತಿಳಿಸಿದ್ದಾರೆ. ಮೂರು ತಿಂಗಳ ಹಿಂದೆ ಮಾಡಿಸಿದ ಪರೀಕ್ಷೆಯಲ್ಲಿ ಟಿಎಸ್‌ಎಚ್ 9.2 ಇತ್ತು. ಪುಡಿ ತೆಗೆದುಕೊಳ್ಳಬಹುದೇ? (ಓದುಗರು, ಹಾಸನ)

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನೀವು ಕೊನೆಯಲ್ಲಿ ಬರೆದಿರುವ ಅಂಕಿ. ಬಹುತೇಕ ಪ್ರಯೋಗಾಲಯಗಳು ವಯಸ್ಕರ ಟಿಎಸ್‌ಎಚ್ ಸುಮಾರು 0.4ರಿಂದ 4ರ ಆಸುಪಾಸಿನಲ್ಲಿದ್ದರೆ ಸಹಜವೆಂದು ಪರಿಗಣಿಸುತ್ತವೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡನ್ನು ಹುರಿದುಂಬಿಸಲು ಟಿಎಸ್‌ಎಚ್ಚನ್ನು ಹೆಚ್ಚು ಸುರಿಸುತ್ತದೆ. ಮಾತ್ರೆ ತೆಗೆದುಕೊಳ್ಳುತ್ತಿರುವಾಗಲೂ ಅದು 9.2 ಇದೆಯೆಂದರೆ ಒಂದೋ ಮಾತ್ರೆಯ ಪ್ರಮಾಣ ಸಾಲುತ್ತಿಲ್ಲ, ಇಲ್ಲವೇ ನುಂಗಿದ ಮಾತ್ರೆ ಸರಿಯಾಗಿ ರಕ್ತಕ್ಕೆ ಸೇರುತ್ತಿಲ್ಲ. ಈ ಎರಡರಲ್ಲಿ ಯಾವುದೆಂದು ಪತ್ತೆ ಮಾಡದೆ ಪುಡಿಯ ಡಬ್ಬಿಗೆ ದುಡ್ಡು ಹಾಕುವುದು ಬೇಡ ಎಂಬುದೇ ನನ್ನ ಸ್ಪಷ್ಟ ಅಭಿಪ್ರಾಯ.

ನಿಮ್ಮ ತೊಡೆ ಸೋಲುವುದಕ್ಕೆ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಥೈರಾಯ್ಡ್ ಗ್ರಂಥಿ ಮುಖ್ಯವಾಗಿ ಟಿ-4 ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ. ಅದರಿಂದ ಒಂದು ಅಯೋಡಿನ್ ಪರಮಾಣು ಕಳಚಿದಾಗ ಚುರುಕಾದ ಟಿ-3 ಆಗುತ್ತದೆ. ಈ ಟಿ-3 ಸ್ನಾಯುಕೋಶದ ನ್ಯೂಕ್ಲಿಯಸ್ಸಿನೊಳಗೆ ಹೋಗಿ, ಯಾವ ಪ್ರೋಟೀನನ್ನು ಎಷ್ಟು ತಯಾರಿಸಬೇಕು, ಕೋಶದ ಶಕ್ತಿ ಉತ್ಪಾದಿಸುವ ಮೈಟೋಕಾಂಡ್ರಿಯಾಗಳು ಎಷ್ಟು ಚುರುಕಾಗಿ ದುಡಿಯಬೇಕು, ಸಂಕುಚಿಸಿದ ಸ್ನಾಯು ಎಷ್ಟು ಬೇಗ ಸಡಿಲವಾಗಬೇಕು ಎಂಬುದನ್ನೆಲ್ಲ ನಿರ್ದೇಶಿಸುತ್ತದೆ. ಹಾರ್ಮೋನು ಕಡಿಮೆಯಾದಾಗ ಸ್ನಾಯುವಿನಲ್ಲಿ ಶೇಖರವಾಗಿರುವ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಅಗತ್ಯ ಬಿದ್ದ ಹೊತ್ತಿಗೆ ಸರಾಗವಾಗಿ ಕರಗುವುದಿಲ್ಲ, ಮೈಟೋಕಾಂಡ್ರಿಯಾಗಳ ಶಕ್ತಿ ಉತ್ಪಾದನೆ ಕುಗ್ಗುತ್ತದೆ, ರಭಸದ ಕೆಲಸಕ್ಕೆ ಬೇಕಾದ ವೇಗದ ಎಳೆಗಳು ಸೊರಗುತ್ತವೆ. ಹೃದಯದ ಬಡಿತವೂ ನಿಧಾನವಾಗಿ, ಬಡಿತಗಳ ನಡುವೆ ಹೃದಯ ಪೂರ್ತಿ ಸಡಿಲವಾಗದೆ, ವ್ಯಾಯಾಮದ ಹೊತ್ತಿನಲ್ಲಿ ಕಾಲುಗಳಿಗೆ ಹೋಗುವ ರಕ್ತ ಅಗತ್ಯದಷ್ಟು ಏರುವುದಿಲ್ಲ.

ಇದನ್ನು ವೈದ್ಯರು ಪರೀಕ್ಷಾ ಕೊಠಡಿಯಲ್ಲೇ ಕಣ್ಣಾರೆ ನೋಡಬಲ್ಲರು. ಹೈಪೊಥೈರಾಯ್ಡ್ ಹೆಚ್ಚಾಗಿರುವವರನ್ನು ಕುರ್ಚಿಯ ಮೇಲೆ ಮಂಡಿಯೂರಿಸಿ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿಗೆ (ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿಗೆ) ರಬ್ಬರಿನ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಪಾದ ಝಟ್ಟನೆ ಕೆಳಕ್ಕೆ ಒದೆಯುತ್ತದೆ, ಆದರೆ ವಾಪಸು ಬರುವಾಗ ತಡೆದು ತಡೆದು, ಆಲಸ್ಯದಿಂದೆಂಬಂತೆ ಬರುತ್ತದೆ. ಸಂಕುಚಿಸಿದ ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಮತ್ತೆ ತನ್ನ ಉಗ್ರಾಣಕ್ಕೆ ಹಿಂತಿರುಗಲು ತಡವಾಗುವುದೇ ಇದಕ್ಕೆ ಕಾರಣ. ರಾತ್ರಿ ನಿಮ್ಮ ಮೀನಖಂಡ ಹಿಡಿದುಕೊಂಡು ಬಿಡಲೊಲ್ಲದೆ ಇರುವುದರ ಹಿಂದೆಯೂ ಇದೇ ದೋಷ ಇರಬಹುದು. ಸಿಪಿಕೆ ಎಂಬ ರಕ್ತಪರೀಕ್ಷೆ ಮಾಡಿಸಿದರೆ ಸ್ನಾಯುಗಳಿಗೆ ಪೆಟ್ಟು ಬಿದ್ದಿದೆಯೇ ಎಂಬುದೂ ತಿಳಿಯುತ್ತದೆ. ಹೈಪೊಥೈರಾಯ್ಡ್‌ನಲ್ಲಿ ಅದು ಹಲವರಿಗೆ ಏರಿರುತ್ತದೆ, ಚಿಕಿತ್ಸೆ ಸರಿಹೋದ ಮೇಲೆ ಇಳಿಯುತ್ತದೆ. ಕೊಲೆಸ್ಟರಾಲ್‌ಗೆಂದು ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿ, ಏಕೆಂದರೆ ಥೈರಾಯ್ಡ್ ಸರಿಯಿಲ್ಲದಾಗ ಸ್ಟ್ಯಾಟಿನ್‌ನಿಂದ ಸ್ನಾಯುಗಳಿಗೆ ತೊಂದರೆಯಾಗುವ ಸಂಭವ ಹೆಚ್ಚು.

ಇನ್ನು ಬಿಸಿಎಎ. ನಮ್ಮ ದೇಹ ತಾನಾಗಿ ತಯಾರಿಸಲಾರದ ಅಮೈನೋ ಆಮ್ಲಗಳು ಒಂಬತ್ತು. ಅವುಗಳಲ್ಲಿ ಲ್ಯೂಸಿನ್, ಐಸೋಲ್ಯೂಸಿನ್ ಮತ್ತು ವ್ಯಾಲಿನ್ ಎಂಬ ಮೂರು ಮಾತ್ರ ಆ ಪುಡಿಯಲ್ಲಿವೆ. ಲ್ಯೂಸಿನ್ ಸ್ನಾಯುವಿನಲ್ಲಿ ಪ್ರೋಟೀನ್ ಕಟ್ಟುವ ಕ್ರಿಯೆಗೆ ಚಾಲನೆ ಕೊಡುತ್ತದೆ ಎಂಬುದು ನಿಜ. ಆದರೆ ಕಟ್ಟುವ ಕೆಲಸಕ್ಕೆ ಒಂಬತ್ತೂ ಬೇಕು. ಉಳಿದ ಆರು ಇಲ್ಲದಿದ್ದರೆ ಶುರುವಾದ ಕೆಲಸ ಮುಂದುವರಿಯುವುದಿಲ್ಲ. ಒಂಬತ್ತನ್ನೂ ಕೊಟ್ಟರೂ, ಹಾರ್ಮೋನು ಸಾಲದ ಸ್ನಾಯುವಿಗೆ ಅದರಿಂದ ಹೆಚ್ಚಿನ ಉಪಯೋಗವಿಲ್ಲ. ಒಲೆಯ ಉರಿ ಸಣ್ಣದಾಗಿರುವಾಗ ಪಾತ್ರೆಗೆ ಅಕ್ಕಿ ಹೆಚ್ಚು ಸುರಿದರೆ ಅನ್ನ ಬೇಗ ಬೇಯುತ್ತದೆಯೇ? ನಿಮ್ಮ ತರಬೇತುದಾರರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ, ಆದರೆ ಅವರು ಹೇಳಿದ ಕೊರತೆಯನ್ನು ಯಾವ ಪರೀಕ್ಷೆಯೂ ತೋರಿಸಿಲ್ಲ; ಪರೀಕ್ಷೆ ತೋರಿಸಿದ ಕೊರತೆಗೆ ಇನ್ನೂ ಸರಿಯಾದ ಚಿಕಿತ್ಸೆ ಆಗಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಶಿಫಾರಸಿನ ಪ್ರಕಾರ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. ನಿಮ್ಮ ತೂಕಕ್ಕೆ ಅದು ಸುಮಾರು 51 ಗ್ರಾಂ ಆಗುತ್ತದೆ. ಅಷ್ಟು ಪ್ರೋಟೀನನ್ನು ಊಟದಿಂದ ಪಡೆದರೆ ಅದರಲ್ಲೇ ಸುಮಾರು 8ರಿಂದ 10 ಗ್ರಾಂ ಬಿಸಿಎಎ ಬಂದಿರುತ್ತದೆ, ಉಳಿದ ಆರು ಅಮೈನೋ ಆಮ್ಲಗಳೂ ಜೊತೆಗಿರುತ್ತವೆ. ನಮ್ಮ ಮುದ್ದೆ, ಅನ್ನ, ಚಪಾತಿಗಳಲ್ಲಿ ಲೈಸಿನ್ ಕಡಿಮೆ. ಹುರುಳಿ, ಅವರೆ, ತೊಗರಿ, ಹೆಸರುಕಾಳುಗಳಲ್ಲಿ ಲೈಸಿನ್ ಚೆನ್ನಾಗಿದ್ದು ಮಿಥಿಯೋನಿನ್ ಕಡಿಮೆ. ಎರಡನ್ನೂ ಒಂದೇ ಊಟದಲ್ಲಿ ಸೇರಿಸುವುದರಿಂದ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಆದರೆ ಸಾರಿನಲ್ಲಿ ಕಾಳು ತೇಲುತ್ತಿದ್ದರೆ ಸಾಲದು, ತಟ್ಟೆಯಲ್ಲಿ ಕಾಳೇ ಕಾಣಬೇಕು. ನಾನು ನೋಡುವ ಬಹಳಷ್ಟು ಹೆಣ್ಣುಮಕ್ಕಳು ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಉಳಿದ ತಿಳಿಸಾರಿನಲ್ಲಿ ಊಟ ಮುಗಿಸುತ್ತಾರೆ. ಇದು ನನಗೆ ನಿಜವಾಗಿಯೂ ಬೇಸರ ತರುವ ಸಂಗತಿ, ಏಕೆಂದರೆ ಮನೆಯಲ್ಲಿ ಬೇಯಿಸಿದ ಪ್ರೋಟೀನ್ ಇದ್ದೂ ಅದು ಅವರ ತಟ್ಟೆಗೆ ಬರುವುದಿಲ್ಲ.

ಆದ್ದರಿಂದ ಮೊದಲು ನಿಮ್ಮ ವೈದ್ಯರನ್ನು ಕಂಡು ಮಾತ್ರೆಯ ಪ್ರಮಾಣವನ್ನು ಮರುಪರಿಶೀಲಿಸಿ. ನಿಮ್ಮ ಮಾತ್ರೆಯಲ್ಲಿರುವುದು ಟಿ-4, ಅದು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕಾಗುವುದರಿಂದ ಪ್ರಮಾಣ ಬದಲಿಸಿದ ಮೇಲೆ ಫಲ ಸ್ಥಿರವಾಗಲು ಸಮಯ ಹಿಡಿಯುತ್ತದೆ. ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಎಚ್ ನೋಡಬೇಕು, ಅದಕ್ಕಿಂತ ಮೊದಲು ನೋಡಿ ಪ್ರಯೋಜನವಿಲ್ಲ. ಅದೇ ಸಲ ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನಿನ ಅಳತೆ), ಬಿ-12 ಮತ್ತು ಡಿ ಜೀವಸತ್ವಗಳನ್ನೂ ಪರೀಕ್ಷಿಸಿಕೊಳ್ಳಿ. ಥೈರಾಯ್ಡ್ ಮೇಲೆ ದೇಹದ ರೋಗನಿರೋಧಕ ವ್ಯವಸ್ಥೆಯೇ ದಾಳಿ ಮಾಡುವ ಹಾಶಿಮೋಟೋ ಕಾಯಿಲೆಯಲ್ಲಿ ಬಿ-12 ಕೊರತೆ ಜೊತೆಗೂಡುವುದುಂಟು, ಮತ್ತು ರಕ್ತಹೀನತೆಯ ಸುಸ್ತನ್ನು ಥೈರಾಯ್ಡಿನ ಸುಸ್ತೆಂದು ತಪ್ಪು ತಿಳಿಯುವುದು ಬಹಳ ಸುಲಭ. ಜಿಮ್ ಬಿಡಬೇಡಿ, ಆದರೆ ಟಿಎಸ್‌ಎಚ್ ಸರಿಹೋಗುವವರೆಗೆ ನಡಿಗೆ, ಹಗುರ ತೂಕ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವ ವ್ಯಾಯಾಮ ಇಷ್ಟರಲ್ಲೇ ಇರಿ.

ಪ್ರಶ್ನೆ: ಬೆಳಿಗ್ಗೆ ಆರು ಗಂಟೆಗೆ ಥೈರಾಯ್ಡ್ ಮಾತ್ರೆ ನುಂಗಿ, ಹಿಂದೆಯೇ ಒಂದು ಲೋಟ ಫಿಲ್ಟರ್ ಕಾಫಿ ಕುಡಿದು, ಜಿಮ್‌ಗೆ ಹೊರಡುವ ಮುನ್ನ ಹಾಲಿನಲ್ಲಿ ಕಲಸಿದ ವೇ ಪ್ರೋಟೀನ್ ತೆಗೆದುಕೊಳ್ಳುತ್ತೇನೆ. ಇತ್ತೀಚೆಗೆ ಟಿಎಸ್‌ಎಚ್ ಏರುತ್ತಿದೆ. ಪ್ರೋಟೀನ್ ಥೈರಾಯ್ಡ್‌ಗೆ ಕೆಟ್ಟದ್ದೇ? (ಓದುಗರು, ಬೆಂಗಳೂರು)

ಉತ್ತರ: ಪ್ರೋಟೀನ್ ಥೈರಾಯ್ಡ್ ಗ್ರಂಥಿಗೆ ಕೆಟ್ಟದ್ದಲ್ಲ. ನೀವು ಪಾಲಿಸುತ್ತಿರುವ ವೇಳಾಪಟ್ಟಿ ನಿಮ್ಮ ಮಾತ್ರೆಗೆ ಕೆಟ್ಟದ್ದು. ನಿಮ್ಮ ಮಾತ್ರೆಯಲ್ಲಿರುವ ಲೆವೊಥೈರಾಕ್ಸಿನ್ (ಥೈರಾಕ್ಸಿನ್, ಅಂದರೆ ಟಿ-4) ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನೊಂದಿಗೆ ಹೋದಾಗ ಮಾತ್ರ ಸಣ್ಣಕರುಳಿನಲ್ಲಿ ಚೆನ್ನಾಗಿ ಹೀರಲ್ಪಡುತ್ತದೆ. ಕಾಫಿ ಅದರ ಹೀರುವಿಕೆಯನ್ನು ಕುಂದಿಸುತ್ತದೆ ಎಂಬುದನ್ನು ಇಟಲಿಯ ವೈದ್ಯರು 2008ರಲ್ಲೇ ತೋರಿಸಿದ್ದಾರೆ. ಹಾಲಿನ ಕ್ಯಾಲ್ಸಿಯಂ, ಹಾಲಿನಿಂದಲೇ ತಯಾರಾಗುವ ವೇ ಪುಡಿಯಲ್ಲಿರುವ ಕ್ಯಾಲ್ಸಿಯಂ, ಸೋಯಾ ಪ್ರೋಟೀನ್, ಕಬ್ಬಿಣದ ಮಾತ್ರೆ ಇವೆಲ್ಲವೂ ಅದೇ ಕೆಲಸ ಮಾಡುತ್ತವೆ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿರುವುದರಿಂದ ಮಾತ್ರೆಯ ಹಿಂದೆಯೇ ರಾಗಿ ಗಂಜಿ ಕುಡಿಯುವವರಿಗೂ ಈ ಮಾತು ಅನ್ವಯಿಸುತ್ತದೆ.

ಮಾತ್ರೆ ನುಂಗಿ ಕನಿಷ್ಠ ಅರ್ಧ ಗಂಟೆ, ಸಾಧ್ಯವಿದ್ದರೆ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಪ್ರೋಟೀನ್ ಪುಡಿ, ಕ್ಯಾಲ್ಸಿಯಂ ಮತ್ತು ಕಬ್ಬಿಣಕ್ಕೆ ನಾಲ್ಕು ಗಂಟೆಯ ಅಂತರ ಬೇಕು. ಬೆಳಗಿನ ಗಡಿಬಿಡಿಯಲ್ಲಿ ಇದು ಆಗದಿದ್ದರೆ ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ, ಮಲಗುವ ಮುನ್ನ ಮಾತ್ರೆ ತೆಗೆದುಕೊಳ್ಳುವ ಪದ್ಧತಿಯೂ ಇದೆ. ವೈದ್ಯರನ್ನು ಕೇಳಿ ಅದಕ್ಕೆ ಬದಲಾಯಿಸಬಹುದು. ಈ ತಿದ್ದುಪಾಟು ಮಾಡಿ ಆರೆಂಟು ವಾರ ಕಾದು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಮಾತ್ರೆಯ ಪ್ರಮಾಣ ಏರಿಸುವ ಆತುರ ಬೇಡ.

ಪ್ರಶ್ನೆ: ನನಗೆ 26 ವರ್ಷ. ಥೈರಾಯ್ಡ್ ಹಾರ್ಮೋನು ವಿಪರೀತವಾಗುವ ಗ್ರೇವ್ಸ್ ಕಾಯಿಲೆ ಎಂದು ಕಳೆದ ತಿಂಗಳು ಗೊತ್ತಾಯಿತು. ಕಾರ್ಬಿಮಜೋಲ್ ಮತ್ತು ಪ್ರೊಪ್ರನಲಾಲ್ ಶುರುವಾಗಿದೆ. ನಾಲ್ಕು ತಿಂಗಳಲ್ಲಿ 9 ಕಿಲೋ ಇಳಿದಿದ್ದೇನೆ, ಬೆಂಚ್ ಪ್ರೆಸ್‌ನಲ್ಲಿ ಎತ್ತುತ್ತಿದ್ದ ತೂಕದ ಅರ್ಧವೂ ಈಗ ಆಗುತ್ತಿಲ್ಲ. ಕಳೆದುಹೋದ ಸ್ನಾಯುವನ್ನು ಮರಳಿ ಪಡೆಯಲು ಮಾಸ್ ಗೇನರ್, ಅಮೈನೋ ಆಮ್ಲ ಮತ್ತು ಪ್ರೀ-ವರ್ಕೌಟ್ ಮೂರನ್ನೂ ತರಿಸಿದ್ದೇನೆ. (ಓದುಗರು, ಮಂಗಳೂರು)

ಉತ್ತರ: ಮೂರನ್ನೂ ಸದ್ಯಕ್ಕೆ ತೆರೆಯಬೇಡಿ. ಅವುಗಳಲ್ಲಿ ಎರಡು ನಿಮ್ಮ ಈಗಿನ ಸ್ಥಿತಿಯಲ್ಲಿ ಅಪಾಯಕಾರಿ ಆಗಬಲ್ಲವು ಎಂಬ ಕಾರಣಕ್ಕೆ ಇಷ್ಟು ಖಂಡಿತವಾಗಿ ಹೇಳುತ್ತಿದ್ದೇನೆ.

ಥೈರಾಯ್ಡ್ ಹಾರ್ಮೋನು ವಿಪರೀತವಾದಾಗ ಸ್ನಾಯುವಿನಲ್ಲಿ ಪ್ರೋಟೀನ್ ಕಟ್ಟುವ ವೇಗಕ್ಕಿಂತ ಒಡೆಯುವ ವೇಗ ಹೆಚ್ಚಾಗುತ್ತದೆ. ಮೊದಲು ಸೊರಗುವುದು ಭುಜ, ಸೊಂಟ ಮತ್ತು ತೊಡೆಯ ದೊಡ್ಡ ಸ್ನಾಯುಗಳು. ನೆಲದ ಮೇಲೆ ಕೂತವರು ಕೈ ಊರಿ ಏಳಬೇಕಾಗುವುದು, ಮೇಲಿನ ಕಪಾಟಿಗೆ ಕೈ ಚಾಚಿದರೆ ತೋಳು ನಡುಗುವುದು ಇದರ ಲಕ್ಷಣ. ಹೀಗೆ ಒಡೆದುಹೋಗುತ್ತಿರುವ ಸ್ನಾಯುವಿನಿಂದ ಅಮೈನೋ ಆಮ್ಲಗಳು ರಕ್ತಕ್ಕೆ ಈಗಾಗಲೇ ಸುರಿಯುತ್ತಿರುತ್ತವೆ. ಹೊರಗಿನಿಂದ ಇನ್ನಷ್ಟು ಸೇರಿಸಿದರೆ ಒಡೆಯುವ ಕ್ರಿಯೆ ನಿಲ್ಲುವುದಿಲ್ಲ. ಅದನ್ನು ನಿಲ್ಲಿಸುವುದು ನೀವು ನುಂಗುತ್ತಿರುವ ಕಾರ್ಬಿಮಜೋಲ್. ಹಾರ್ಮೋನು ಸಹಜಕ್ಕೆ ಬಂದ ಮೇಲೆ ಕೆಲವು ತಿಂಗಳಲ್ಲಿ ಶಕ್ತಿ ಮರಳುತ್ತದೆ, ಈ ಭರವಸೆಯನ್ನು ನಿಮಗೆ ಧೈರ್ಯವಾಗಿ ಕೊಡಬಲ್ಲೆ.

ವ್ಯಾಯಾಮಕ್ಕೆ ಮುನ್ನ ತೆಗೆದುಕೊಳ್ಳುವ ಪ್ರೀ-ವರ್ಕೌಟ್ ಪುಡಿಗಳಲ್ಲಿ ಸಾಮಾನ್ಯವಾಗಿ ಕೆಫೀನ್ ಹೆಚ್ಚಿನ ಪ್ರಮಾಣದಲ್ಲಿರುತ್ತದೆ. ಕೂತಲ್ಲೇ ವೇಗವಾಗಿ ಬಡಿದುಕೊಳ್ಳುವ ಹೃದಯಕ್ಕೆ ಅದು ಲಯ ತಪ್ಪುವ ಆಹ್ವಾನ. ಮಾಸ್ ಗೇನರ್ ಡಬ್ಬಿಯ ಹಿಂಬದಿಯನ್ನು ಓದಿ ನೋಡಿ: ಬಹುಪಾಲು ಡಬ್ಬಿಗಳಲ್ಲಿ ಪ್ರೋಟೀನಿಗಿಂತ ಬಹಳ ಹೆಚ್ಚಾಗಿ ಇರುವುದು ಮಾಲ್ಟೋಡೆಕ್ಸ್ಟ್ರಿನ್ ಎಂಬ ಪಿಷ್ಟ. ಏಷ್ಯಾ ಮೂಲದ ಯುವಕರಲ್ಲಿ, ಹಾರ್ಮೋನು ವಿಪರೀತವಾದ ಹೈಪರ್‌ಥೈರಾಯ್ಡ್ ಇರುವಾಗ, ಪಿಷ್ಟ ಅಥವಾ ಸಕ್ಕರೆ ಹೆಚ್ಚಾಗಿರುವ ಊಟವಾದ ಕೆಲವು ಗಂಟೆಗಳ ಮೇಲೋ, ಕಠಿಣ ವ್ಯಾಯಾಮ ಮಾಡಿ ವಿಶ್ರಾಂತಿಗೆಂದು ಮಲಗಿದಾಗಲೋ, ರಕ್ತದ ಪೊಟ್ಯಾಸಿಯಂ ಸ್ನಾಯುಕೋಶಗಳ ಒಳಕ್ಕೆ ಒಮ್ಮೆಲೇ ಸರಿದು ಕೈಕಾಲು ಎತ್ತಲಾಗದಂತೆ ಪಾರ್ಶ್ವವಾಯುವಿನಂಥ ಸ್ಥಿತಿ ಬರುವುದುಂಟು. ಇದು ಅಪರೂಪ, ಆದರೆ ಗಂಡಸರಲ್ಲೇ ಹೆಚ್ಚು, ಅದೂ ನಿಮ್ಮ ವಯಸ್ಸಿನವರಲ್ಲಿ. ಬೆಳಿಗ್ಗೆ ಎದ್ದಾಗ ಕಾಲುಗಳು ಸ್ವಾಧೀನದಲ್ಲಿಲ್ಲ ಅನ್ನಿಸಿದರೆ ನರದ ದೌರ್ಬಲ್ಯ ಎಂದುಕೊಂಡು ಮನೆಯಲ್ಲಿ ಕಾಯದೆ ತಕ್ಷಣ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು ಮತ್ತು ಥೈರಾಯ್ಡ್ ಇದೆಯೆಂದು ಮೊದಲ ಮಾತಿನಲ್ಲೇ ಹೇಳಬೇಕು.

ಸದ್ಯಕ್ಕೆ ಸಮತಟ್ಟಾದ ದಾರಿಯಲ್ಲಿ ಮಾತನಾಡುತ್ತಾ ನಡೆಯಬಲ್ಲಷ್ಟು ವೇಗದ ನಡಿಗೆ ಸಾಕು. ಪ್ರೊಪ್ರನಲಾಲ್ ಬಡಿತವನ್ನು ತಗ್ಗಿಸಿ ಇಡುವುದರಿಂದ ಕೈಗಡಿಯಾರ ತೋರಿಸುವ ಬಡಿತದ ಅಂಕಿಯನ್ನು ನಂಬಿ ವ್ಯಾಯಾಮದ ಮಟ್ಟ ಏರಿಸಬೇಡಿ. ಮೀನು, ಮೊಟ್ಟೆ, ಕಾಳು, ಮೊಸರು ಧಾರಾಳವಾಗಿ ತಿನ್ನಿ. ಹಸಿವೆಗೆ ತಕ್ಕ ಊಟವನ್ನು ಒಂದೇ ಸಲಕ್ಕೆ ಭಾರಿಯಾಗಿ ಮಾಡದೆ ಐದಾರು ಸಲಕ್ಕೆ ಹಂಚಿಕೊಳ್ಳಿ. ಚಿಕಿತ್ಸೆಯ ನಡುವೆ ಹಾರ್ಮೋನು ಅತಿಯಾಗಿ ಇಳಿದು ಹೊಸದಾಗಿ ಸ್ನಾಯುಸೆಳೆತ ಕಾಣಿಸಿಕೊಳ್ಳಬಹುದು. ಅದು ಅಮೈನೋ ಆಮ್ಲದ ಕೊರತೆಯಲ್ಲ, ಕಾರ್ಬಿಮಜೋಲ್ ಪ್ರಮಾಣ ತಗ್ಗಿಸುವ ಹೊತ್ತು ಬಂದಿರಬಹುದು ಎಂಬ ಸೂಚನೆ. ಕಾರ್ಬಿಮಜೋಲ್ ತೆಗೆದುಕೊಳ್ಳುವಾಗ ಗಂಟಲುನೋವಿನ ಜೊತೆ ಜ್ವರ ಬಂದರೆ ಅದೇ ದಿನ ರಕ್ತಕಣಗಳ ಪರೀಕ್ಷೆ ಮಾಡಿಸಬೇಕೆಂಬುದನ್ನೂ ಮರೆಯಬೇಡಿ.

ಪ್ರಶ್ನೆ: ಥೈರಾಯ್ಡ್ ಕ್ಯಾನ್ಸರ್‌ಗಾಗಿ ಗ್ರಂಥಿಯನ್ನು ಪೂರ್ತಿ ತೆಗೆದಿದ್ದಾರೆ. ಟಿಎಸ್‌ಎಚ್ ನಮ್ಮ ವೈದ್ಯರು ಬಯಸಿದ ಮಟ್ಟದಲ್ಲೇ ಇದೆ, ಆದರೂ ಸಂಜೆಯ ನಡಿಗೆಯಲ್ಲಿ ಮೊದಲಿನ ಕಸುವಿಲ್ಲ. ಇಲ್ಲಿನ ಅಂಗಡಿಗಳಲ್ಲಿ ಎಲ್-ಕಾರ್ನಿಟಿನ್ ಮತ್ತು 'ಥೈರಾಯ್ಡ್ ಸಪೋರ್ಟ್' ಎಂಬ ಮಾತ್ರೆಗಳು ಚೀಟಿಯಿಲ್ಲದೆ ಸಿಗುತ್ತವೆ. ಪ್ರಯತ್ನಿಸಬಹುದೇ? (ಓದುಗರು, ನ್ಯೂಜೆರ್ಸಿ)

ಉತ್ತರ: ಈ ಅಂಕಣದ ಪ್ರಶ್ನೆಗಳಲ್ಲಿ ನಿಮ್ಮದಕ್ಕೆ ಮಾತ್ರ ನಾನು 'ಇಲ್ಲ' ಎಂದು ಒಂದೇ ಮಾತಿನಲ್ಲಿ ಹೇಳಲಾರೆ. ಕಾರ್ನಿಟಿನ್ ಪ್ರೋಟೀನ್ ಕಟ್ಟುವ ಅಮೈನೋ ಆಮ್ಲವಲ್ಲ. ಲೈಸಿನ್ ಮತ್ತು ಮಿಥಿಯೋನಿನ್‌ಗಳಿಂದ ದೇಹವೇ ತಯಾರಿಸಿಕೊಳ್ಳುವ ವಸ್ತು. ಕೊಬ್ಬಿನ ಆಮ್ಲಗಳನ್ನು ಮೈಟೋಕಾಂಡ್ರಿಯಾದ ಒಳಗೆ ಸಾಗಿಸುವುದು ಅದರ ಮುಖ್ಯ ಕೆಲಸ. ಥೈರಾಯ್ಡ್ ಹಾರ್ಮೋನು ಕೋಶದ ನ್ಯೂಕ್ಲಿಯಸ್ಸನ್ನು ಹೊಗುವುದಕ್ಕೂ ಅದು ಅಡ್ಡಿಪಡಿಸುತ್ತದೆ. ಇಟಲಿಯಲ್ಲಿ 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಟಿಎಸ್‌ಎಚ್ ತಗ್ಗಿಸುವ ಸಲುವಾಗಿ ಹೆಚ್ಚಿನ ಪ್ರಮಾಣದ ಥೈರಾಕ್ಸಿನ್ ತೆಗೆದುಕೊಳ್ಳುತ್ತಿದ್ದ 50 ಮಹಿಳೆಯರಿಗೆ ಆರು ತಿಂಗಳ ಅವಧಿಯಲ್ಲಿ ದಿನಕ್ಕೆ 2 ಅಥವಾ 4 ಗ್ರಾಂ ಕಾರ್ನಿಟಿನ್ ಕೊಟ್ಟು ನೋಡಿದರು. ಹಾರ್ಮೋನು ಹೆಚ್ಚಾದಾಗ ಬರುವ ನಿಶ್ಶಕ್ತಿ, ಎದೆಬಡಿತ, ನಡುಕದಂಥ ಲಕ್ಷಣಗಳು ಕಡಿಮೆಯಾದವು. ಕ್ಯಾನ್ಸರ್ ಮರುಕಳಿಸದಿರಲೆಂದು ನಿಮ್ಮ ಟಿಎಸ್‌ಎಚ್ಚನ್ನು ಬೇಕೆಂದೇ ಸಹಜಕ್ಕಿಂತ ಕೆಳಗೆ ಇಟ್ಟಿದ್ದರೆ ನೀವು ಆ ಮಹಿಳೆಯರ ಸ್ಥಿತಿಗೆ ಹತ್ತಿರದವರು.

ಕೊರಿಯಾದಲ್ಲಿ 2016ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಹೈಪೊಥೈರಾಯ್ಡ್‌ಗೆ ಚಿಕಿತ್ಸೆ ಪಡೆಯುತ್ತಿದ್ದರೂ ಸುಸ್ತು ಉಳಿದಿದ್ದ 60 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 12 ವಾರ ಸುಮಾರು 2 ಗ್ರಾಂ ಕಾರ್ನಿಟಿನ್, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟರು. ಒಟ್ಟಾರೆ ಸುಸ್ತಿನಲ್ಲಿ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಮಾನಸಿಕ ದಣಿವು ಮಾತ್ರ ಇಳಿಯಿತು. 50 ವರ್ಷದೊಳಗಿನವರಿಗೆ ಮತ್ತು ಕ್ಯಾನ್ಸರ್‌ಗಾಗಿ ಗ್ರಂಥಿ ತೆಗೆಸಿಕೊಂಡವರಿಗೆ ಹೆಚ್ಚು ಅನುಕೂಲವಾದಂತೆ ಕಂಡಿತು. ಇವೆರಡೂ ಸಣ್ಣ ಪ್ರಯೋಗಗಳು. ಅವುಗಳಲ್ಲಿ ಅಳೆದದ್ದು ಲಕ್ಷಣಗಳನ್ನು. ವ್ಯಾಯಾಮದ ಸಾಮರ್ಥ್ಯ ಹೆಚ್ಚಿತೆಂದು ಅವುಗಳ ಬಲದಿಂದ ಹೇಳಲಾಗದು. ಹೀಗಿದ್ದರೂ ನಿಮ್ಮ ಎಂಡೊಕ್ರಿನಾಲಜಿಸ್ಟ್ (ಹಾರ್ಮೋನು ತಜ್ಞರು) ಒಪ್ಪಿದರೆ ಮೂರು ತಿಂಗಳ ಮಿತಿಯಿಟ್ಟು ನೋಡುವುದರಲ್ಲಿ ನನಗೆ ಆಕ್ಷೇಪವಿಲ್ಲ. ಅಷ್ಟರಲ್ಲಿ ಗುಣ ಕಾಣದಿದ್ದರೆ ನಿಲ್ಲಿಸಿಬಿಡಿ. ವಾಕರಿಕೆ, ಭೇದಿ, ಮೈಯಿಂದ ಮೀನಿನಂಥ ವಾಸನೆ ಇದರ ಅಡ್ಡಪರಿಣಾಮಗಳು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಮತ್ತು ಹಿಂದೆ ಮೂರ್ಛೆರೋಗ ಇದ್ದವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಹಾರ್ಮೋನು ಇನ್ನೂ ಕಡಿಮೆಯಿರುವ ಹೈಪೊಥೈರಾಯ್ಡ್ ರೋಗಿಗಳಿಗೆ ನಾನು ಇದನ್ನು ಸೂಚಿಸುವುದಿಲ್ಲ. ಇರುವಷ್ಟು ಹಾರ್ಮೋನಿನ ಕೆಲಸಕ್ಕೂ ಅದು ಅಡ್ಡ ಬರಬಹುದೆಂಬ ಆತಂಕ ನನಗಿದೆ.

'ಥೈರಾಯ್ಡ್ ಸಪೋರ್ಟ್' ಮಾತ್ರೆಗಳ ವಿಷಯದಲ್ಲಿ ಮಾತ್ರ ಖಂಡಿತ ಬೇಡ. ಅಮೆರಿಕದಲ್ಲೇ ಇಂಥ 10 ಉತ್ಪನ್ನಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 9ರಲ್ಲಿ ಟಿ-3 ಹಾರ್ಮೋನೂ, 5ರಲ್ಲಿ ಟಿ-4 ಹಾರ್ಮೋನೂ ಪತ್ತೆಯಾದವು. ಕೊಳ್ಳುವವರು ಸಸ್ಯಸಾರ, ಅಮೈನೋ ಆಮ್ಲ ಎಂದು ನಂಬಿ ಅಳತೆಯಿಲ್ಲದ ಹಾರ್ಮೋನನ್ನು ನುಂಗುತ್ತಿದ್ದರು. ನಿಮ್ಮ ವೈದ್ಯರು ಇಷ್ಟು ಜತನದಿಂದ ಹೊಂದಿಸಿರುವ ಟಿಎಸ್‌ಎಚ್ಚನ್ನು ಅಂಥ ಮಾತ್ರೆ ಕೆಲವೇ ವಾರಗಳಲ್ಲಿ ಕೆಡಿಸಬಲ್ಲದು.

ಪ್ರಶ್ನೆ: ಥೈರಾಯ್ಡ್ ಹಾರ್ಮೋನು ತಯಾರಾಗುವುದೇ ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ ಎಂದು ಓದಿದೆ. ಹಾಗಿದ್ದರೆ ಟೈರೋಸಿನ್ ಮಾತ್ರೆ ತೆಗೆದುಕೊಂಡು ಥೈರಾಕ್ಸಿನ್ ನಿಲ್ಲಿಸಬಹುದಲ್ಲವೇ? (ಓದುಗರು, ತುಮಕೂರು)

ಉತ್ತರ: ನೀವು ಓದಿದ್ದು ಸರಿ, ಅದರಿಂದ ತಲುಪಿದ ತೀರ್ಮಾನ ಸರಿಯಲ್ಲ. ಥೈರೋಗ್ಲೋಬುಲಿನ್ ಎಂಬ ದೊಡ್ಡ ಪ್ರೋಟೀನಿನಲ್ಲಿರುವ ಟೈರೋಸಿನ್‌ಗಳಿಗೆ ಅಯೋಡಿನ್ ಜೋಡಿಸಿ ಗ್ರಂಥಿ ಹಾರ್ಮೋನು ತಯಾರಿಸುತ್ತದೆ. ಆದರೆ ದೇಹ ಟೈರೋಸಿನನ್ನು ಫಿನೈಲಾಲನಿನ್ ಎಂಬ ಇನ್ನೊಂದು ಅಮೈನೋ ಆಮ್ಲದಿಂದ ತಾನೇ ತಯಾರಿಸಿಕೊಳ್ಳುತ್ತದೆ, ಸಾಮಾನ್ಯ ಊಟದಲ್ಲೂ ಅದು ಬೇಕಾದಷ್ಟಿದೆ. ಹಿಂದೆ ನಮ್ಮ ಮಲೆನಾಡಿನಂಥ ಕಡೆ ಗಳಗಂಡ ಹೆಚ್ಚಾಗಿದ್ದದ್ದು ಅಯೋಡಿನ್ ಸಾಲದೆ, ಟೈರೋಸಿನ್ ಸಾಲದೆ ಅಲ್ಲ. ಈಗ ಅಯೋಡಿನ್ ಉಪ್ಪು ಮನೆಮನೆಗೆ ಬಂದಿದೆ, ಹೈಪೊಥೈರಾಯ್ಡ್‌ಗೆ ಮುಖ್ಯ ಕಾರಣ ಗ್ರಂಥಿಯೇ ಹಾಳಾಗಿರುವುದು. ಹಾಳಾದ ಗ್ರಂಥಿಗೆ ಕಚ್ಚಾವಸ್ತು ಒದಗಿಸಿದರೆ ಅದು ಹಾರ್ಮೋನು ತಯಾರಿಸಲಾರದು. ದಯವಿಟ್ಟು ಥೈರಾಕ್ಸಿನ್ ನಿಲ್ಲಿಸಬೇಡಿ.

ಪ್ರಶ್ನೆ: ಹೈಪೊಥೈರಾಯ್ಡ್ ಇದೆ, ತೂಕ ಎತ್ತುವ ವ್ಯಾಯಾಮ ಮಾಡುತ್ತೇನೆ. ದಿನಕ್ಕೆ 5 ಗ್ರಾಂ ಕ್ರಿಯಾಟಿನ್, ಕೂದಲಿಗೆಂದು 10 ಮಿಲಿಗ್ರಾಂ ಬಯೋಟಿನ್ ಎಂಬ ಜೀವಸತ್ವ ತೆಗೆದುಕೊಳ್ಳುತ್ತೇನೆ. ಈ ಸಲದ ವರದಿಯಲ್ಲಿ ಕ್ರಿಯಾಟಿನಿನ್ ಹೆಚ್ಚು, ಟಿಎಸ್‌ಎಚ್ ತೀರಾ ಕಡಿಮೆ, ಟಿ-4 ಹೆಚ್ಚು ಎಂದು ಬಂದಿದೆ. (ಓದುಗರು, ಮೈಸೂರು)

ಉತ್ತರ: ವರದಿಯನ್ನು ನಂಬಿ ಮಾತ್ರೆ ಕಡಿಮೆ ಮಾಡುವ ಮುನ್ನ ಬಯೋಟಿನ್ ನಿಲ್ಲಿಸಿ, ಕನಿಷ್ಠ ಎರಡು ದಿನ ಬಿಟ್ಟು ಪರೀಕ್ಷೆಯನ್ನು ಮತ್ತೆ ಮಾಡಿಸಿ. ಹಲವು ಪ್ರಯೋಗಾಲಯಗಳ ಯಂತ್ರಗಳು ಹಾರ್ಮೋನನ್ನು ಅಳೆಯಲು ಬಯೋಟಿನನ್ನೇ ಬಳಸುವುದರಿಂದ, ರಕ್ತದಲ್ಲಿ ಅದು ಹೆಚ್ಚಿದ್ದರೆ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಟಿ-4 ಸುಳ್ಳಾಗಿ ಹೆಚ್ಚು ತೋರಿಸುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2017ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಅಮೈನೋ ಆಮ್ಲಗಳ ಜೊತೆ ಜೀವಸತ್ವ ಬೆರೆಸಿರುವ ಕೆಲವು ಪುಡಿಗಳಲ್ಲೂ ಬಯೋಟಿನ್ ಇರುವುದರಿಂದ ಡಬ್ಬಿಯ ಹಿಂಬದಿಯನ್ನು ಪೂರ್ತಿ ಓದಿ.

ಕ್ರಿಯಾಟಿನ್ ಮೂರು ಅಮೈನೋ ಆಮ್ಲಗಳಿಂದ ಹುಟ್ಟುವ ವಸ್ತು. ತೂಕ ಎತ್ತುವಂಥ ಕ್ಷಣಿಕ, ರಭಸದ ಶ್ರಮಕ್ಕೆ ಅದರಿಂದ ಉಪಯೋಗವಿದೆ ಎಂಬುದು ಆರೋಗ್ಯವಂತರಲ್ಲಿ ಚೆನ್ನಾಗಿ ಸಾಬೀತಾಗಿದೆ. ಅದು ಒಡೆದು, ಮೂತ್ರಪಿಂಡದ ಪರೀಕ್ಷೆಯಲ್ಲಿ ಅಳೆಯುವ ಕ್ರಿಯಾಟಿನಿನ್ ಆಗುವುದರಿಂದ ರಕ್ತದಲ್ಲಿ ಅದರ ಮಟ್ಟ ಸ್ವಲ್ಪ ಏರಬಹುದು. ಹೈಪೊಥೈರಾಯ್ಡ್ ಕೂಡ ಅದನ್ನು ಏರಿಸುತ್ತದೆ. ಕ್ರಿಯಾಟಿನನ್ನು ಕೆಲವು ವಾರ ನಿಲ್ಲಿಸಿ ಮೂತ್ರಪಿಂಡದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ. ಆಗಲೂ ಹೆಚ್ಚಿದ್ದರೆ ಮುಂದಿನ ತಪಾಸಣೆ ಅಗತ್ಯ.

ಪ್ರಶ್ನೆ: ನಮ್ಮ ತಾಯಿಗೆ 71 ವರ್ಷ, ತೂಕ 50 ಕಿಲೋ. ಟಿಎಸ್‌ಎಚ್ 6.8 ಇದೆ, ಟಿ-4 ಸಹಜ. ದೇವಸ್ಥಾನದವರೆಗೆ ನಡೆಯಲೂ ಸೋಲುತ್ತಾರೆ. ಥೈರಾಯ್ಡ್ ಮಾತ್ರೆ ಬೇಕೆ, ಅಮೈನೋ ಆಮ್ಲದ ಪುಡಿ ಬೇಕೆ? (ಓದುಗರು, ದಾವಣಗೆರೆ)

ಉತ್ತರ: ಟಿ-4 ಸಹಜವಾಗಿದ್ದು ಟಿಎಸ್‌ಎಚ್ ಮಾತ್ರ ತುಸು ಏರಿರುವುದನ್ನು ಸಬ್‌ಕ್ಲಿನಿಕಲ್ ಹೈಪೊಥೈರಾಯ್ಡ್ ಎನ್ನುತ್ತೇವೆ. ವಯಸ್ಸಾದಂತೆ ಟಿಎಸ್‌ಎಚ್ ಸ್ವಲ್ಪ ಏರುವುದು ಸಾಮಾನ್ಯ. ಯುರೋಪಿನಲ್ಲಿ 65 ದಾಟಿದ ಇಂಥ 737 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಥೈರಾಕ್ಸಿನ್ ಕೊಟ್ಟವರಿಗೂ ಹುಸಿ ಮಾತ್ರೆ ಕೊಟ್ಟವರಿಗೂ ಸುಸ್ತಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಮಾತ್ರೆ ಶುರುಮಾಡಲು ಅವಸರ ಬೇಡ, ಎರಡು ಮೂರು ತಿಂಗಳ ಬಳಿಕ ಪರೀಕ್ಷೆಯನ್ನು ಮತ್ತೆ ಮಾಡಿಸಿ. ಹೊಸದಾಗಿ ಸೋಲು ಬಂದಿದ್ದರೆ ಹೃದಯ, ರಕ್ತಹೀನತೆ, ಸಕ್ಕರೆ ಕಾಯಿಲೆಯ ತಪಾಸಣೆ ಮೊದಲು ಆಗಬೇಕು.

ವಯಸ್ಸಾದವರಿಗೆ ಪ್ರತಿ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಒಳ್ಳೆಯದು. ತಾಯಿಗೆ ಅದು 50ರಿಂದ 60 ಗ್ರಾಂ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳಿ ನಿರ್ಧರಿಸಬೇಕು. ಬೆಳಿಗ್ಗೆ ಹೆಸರುಬೇಳೆ ದೋಸೆ, ಮಧ್ಯಾಹ್ನ ಮುದ್ದೆಯ ಜೊತೆ ಗಟ್ಟಿ ಕಾಳಿನ ಸಾರು ಮತ್ತು ಒಂದು ಬಟ್ಟಲು ಮೊಸರು, ಸಂಜೆ ಹುರಿಗಡಲೆ ಪುಡಿ ಬೆರೆಸಿದ ಹಾಲು, ತಿನ್ನುವವರಾದರೆ ಒಂದು ಮೊಟ್ಟೆ, ರಾತ್ರಿ ಮೆತ್ತಗೆ ಬೆಂದ ಬೇಳೆ ಎಂದು ಹಂಚಿಕೊಂಡರೆ ಅದಕ್ಕೆ ಹತ್ತಿರವಾಗುತ್ತದೆ. ಹಲ್ಲು ಹೋಗಿ ಅಗಿಯಲು ಆಗದೆ, ಹಸಿವೆ ಕುಗ್ಗಿ ಇಷ್ಟು ತಿನ್ನಲಾರರು ಎಂದಾದರೆ ಆಗ ಸಾದಾ ಪ್ರೋಟೀನ್ ಪುಡಿಯನ್ನು ವೈದ್ಯರ ಸಲಹೆಯಂತೆ ಬಳಸಬಹುದು. ಬಿಡಿ ಅಮೈನೋ ಆಮ್ಲದ ಪುಡಿ ಬೇಡ.

ವ್ಯಾಯಾಮದ ಬಗ್ಗೆ ನನಗೆ ಹೆಚ್ಚು ಭರವಸೆಯಿದೆ. ಬ್ರೆಜಿಲಿನಲ್ಲಿ ಸಬ್‌ಕ್ಲಿನಿಕಲ್ ಹೈಪೊಥೈರಾಯ್ಡ್ ಇದ್ದ 20 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ವಾರಕ್ಕೆ ಮೂರು ದಿನದಂತೆ 16 ವಾರ ಸೈಕಲ್ ಮತ್ತು ಟ್ರೆಡ್‌ಮಿಲ್ ವ್ಯಾಯಾಮ ಮಾಡಿಸಿದಾಗ ದಿನನಿತ್ಯದ ಕೆಲಸ ಮಾಡುವ ಶಕ್ತಿಯೂ ಬದುಕಿನ ಗುಣಮಟ್ಟವೂ ಉತ್ತಮಗೊಂಡವೆಂದು 2018ರಲ್ಲಿ ವರದಿಯಾಗಿದೆ. ಅವರು ನಿಮ್ಮ ತಾಯಿಗಿಂತ ಚಿಕ್ಕ ವಯಸ್ಸಿನವರು, ಹಾಗಾಗಿ ತಾಯಿ ಅಷ್ಟು ಮಾಡಬೇಕಿಲ್ಲ. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಎದೆಯ ಮೇಲೆ ಕೈ ಕಟ್ಟಿಕೊಂಡು ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರಬಲ್ಲರೆಂದು ಪಕ್ಕದಲ್ಲೇ ನಿಂತು ಎಣಿಸಿ ಬರೆದಿಡಿ. ದಿನಕ್ಕೆರಡು ಹೊತ್ತು ಅದನ್ನೇ ನಿಧಾನವಾಗಿ ಅಭ್ಯಾಸ ಮಾಡಿಸಿ, ಮನೆಯ ಮುಂದಿನ ನಡಿಗೆಯನ್ನು ವಾರಕ್ಕೊಮ್ಮೆ ಐದೈದು ನಿಮಿಷ ಹೆಚ್ಚಿಸಿ. ಎರಡು ತಿಂಗಳ ಬಳಿಕ ಮತ್ತೆ ಎಣಿಸಿ, ಆ ಎರಡು ಅಂಕಿಗಳನ್ನೂ ಟಿಎಸ್‌ಎಚ್ ವರದಿಯ ಜೊತೆಗೇ ವೈದ್ಯರಿಗೆ ತೋರಿಸಿ.